ಸಾಥಿದಾರರ ಹೆಸರು ಹಿಡಿದು ಜಾಝ್ ಕೇಳುವ ಬಗೆ

ನಾನು ಬೆಳೆದ ಧಾರವಾಡದ ಮನೆಯಲ್ಲಿ ಸಂಗೀತದ ಶಿಫಾರಸಿಗೆ ಎರಡು ಹೆಸರುಗಳು ಸಾಕಾಗುತ್ತಿದ್ದವು: ಒಬ್ಬ ಗಾಯಕರದು, ಒಂದು ರಾಗದ್ದು. "ಮನ್ಸೂರರ ಶಿವಮತ ಭೈರವ ಕೇಳಿಯೇನು?" ಎಂದು ಹಿರಿಯರು ಕೇಳಿದರೆ ಅದೇ ಅಪ್ಪಣೆ. ಆಕಾಶವಾಣಿಯ ಉದ್ಘೋಷಕರು ತಬಲಾ, ಹಾರ್ಮೋನಿಯಂ ಸಾಥ್ ನೀಡಿದವರ ಹೆಸರನ್ನು ತಪ್ಪದೆ ಹೇಳುತ್ತಿದ್ದರೂ, ನಾವು ಇನ್ನೊಬ್ಬರಿಗೆ ಹೇಳುವ ಹೊತ್ತಿಗೆ ಆ ಹೆಸರುಗಳು ಉದುರಿಹೋಗಿರುತ್ತಿದ್ದವು. ಅಮೆರಿಕದ ನ್ಯೂಜೆರ್ಸಿಗೆ ಬಂದು ಜಾಝ್ ಸಂಗೀತ ಕೇಳುವವರ ಒಡನಾಟ ಬೆಳೆದ ಮೇಲೆ ನನ್ನನ್ನು ಮೊದಲು ತಟ್ಟಿದ್ದು ಈ ವ್ಯತ್ಯಾಸವೇ. ಇಲ್ಲಿಯ ರಸಿಕರು ಒಂದು ಆಲ್ಬಮ್ಮಿನ ಹೆಸರು ಹೇಳಿದ ಬೆನ್ನಿಗೇ ಡ್ರಮ್ಸ್ ಯಾರದು, ಬೇಸ್ (ಮಂದ್ರ ಸ್ವರದ ದೊಡ್ಡ ತಂತಿವಾದ್ಯ) ಯಾರದು, ಯಾವ ವರ್ಷ ಎಂಬುದನ್ನೂ ಹೇಳುತ್ತಾರೆ. ಜಾಝ್‌ಗೆ ಹೊಸದಾಗಿ ಬರುವ ಕನ್ನಡದ ಗೆಳೆಯರಿಗೆ ನಾನು ಕೊಡುವ ಸಲಹೆಯೂ ಅದೇ: "ಅತ್ಯುತ್ತಮ ನೂರು" ಎಂಬ ಪಟ್ಟಿಗಳನ್ನು ಬದಿಗಿಟ್ಟು, ಒಂದು ಆಲ್ಬಮ್ಮನ್ನು ಚೆನ್ನಾಗಿ ಕೇಳಿ, ಅದರಲ್ಲಿ ಜೊತೆ ನೀಡಿದವರ ಬೆನ್ನು ಹತ್ತಿ.

ಆ ಮೊದಲ ಆಲ್ಬಮ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ "ಕೈಂಡ್ ಆಫ್ ಬ್ಲೂ" ಆಗಿರಲಿ. ಎಲ್ಲರೂ ಹೇಳುವ ಹೆಸರು ಎಂದು ಅದನ್ನು ಬಿಡಬೇಕಾಗಿಲ್ಲ. ನಮ್ಮ ಕಿವಿಗೆ ಅದು ಬೇಗ ಒಗ್ಗುವುದಕ್ಕೆ ನಿಜವಾದ ಕಾರಣವೊಂದಿದೆ. 1959ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಣಗೊಂಡ ಈ ಆಲ್ಬಮ್ಮಿನ "ಸೋ ವಾಟ್" ಎಂಬ ರಚನೆಯಲ್ಲಿ, ಆ ಕಾಲದ ಜಾಝ್‌ನಲ್ಲಿ ಹೆಜ್ಜೆಹೆಜ್ಜೆಗೂ ಬದಲಾಗುತ್ತಿದ್ದ ಸ್ವರಮೇಳಗಳನ್ನು (ಒಟ್ಟಿಗೇ ನುಡಿಸುವ ಸ್ವರಗಳ ಗೊಂಚಲುಗಳನ್ನು) ಕೈಬಿಟ್ಟು, ಹದಿನಾರು ಆವರ್ತಗಳ ಕಾಲ ಒಂದೇ ಸ್ವರಶ್ರೇಣಿಯಲ್ಲಿ ನಿಂತು, ಎಂಟು ಆವರ್ತಗಳಿಗೆ ಅರ್ಧ ಸ್ವರ ಮೇಲಕ್ಕೆ ಸರಿದು, ಮತ್ತೆ ಎಂಟಕ್ಕೆ ಮೊದಲಿನ ಜಾಗಕ್ಕೆ ಮರಳುತ್ತಾರೆ. ಆ ಶ್ರೇಣಿಯ ಸ್ವರಗಳು ನಮ್ಮ ಕಾಫಿ ಥಾಟಿನವು, ಅಂದರೆ ಖರಹರಪ್ರಿಯದವು. ಹಾಗೆಂದು ಅದನ್ನು ರಾಗವೆಂದು ಕೇಳಹೊರಟರೆ ದಾರಿ ತಪ್ಪುತ್ತೇವೆ, ಏಕೆಂದರೆ ಅಲ್ಲಿ ರಾಗದ ಮುಖ್ಯ ಸ್ವರಗಳಾದ ವಾದಿ-ಸಂವಾದಿಗಳ ಕಟ್ಟಿಲ್ಲ, ರಾಗದ ಗುರುತು ಹೇಳುವ ಪಕಡ್ ಇಲ್ಲ. ಒಂದೇ ನೆಲದ ಮೇಲೆ ನಿಧಾನವಾಗಿ ಅಡ್ಡಾಡುವ ಬಿಡುವು ಮಾತ್ರ ನಮಗೆ ಪರಿಚಿತವಾದದ್ದು. ಪಾಲ್ ಚೇಂಬರ್ಸ್ ಅವರ ಬೇಸ್ ಪ್ರಶ್ನೆ ಕೇಳಿದಂತೆ ನುಡಿಯುವುದನ್ನೂ, ಉಳಿದವರು ಎರಡೇ ಸ್ವರಗಳಲ್ಲಿ ಉತ್ತರ ಕೊಡುವುದನ್ನೂ ನಾಲ್ಕಾರು ಸಲ ಕೇಳಿ. ಆಮೇಲೆ ಮುಖ್ಯ ವಾದ್ಯವನ್ನು ಬಿಟ್ಟು ಜೊತೆಯ ವಾದ್ಯವನ್ನೇ ಕೇಳುವುದು ತಾನಾಗಿ ರೂಢಿಯಾಗುತ್ತದೆ.

ಇಲ್ಲಿಂದ ದಾರಿ ಕವಲೊಡೆಯುತ್ತದೆ. ಈ ಆಲ್ಬಮ್ಮಿನ ಹೆಚ್ಚಿನ ರಚನೆಗಳಲ್ಲಿ ಪಿಯಾನೊ ನುಡಿಸಿದ ಬಿಲ್ ಎವನ್ಸ್ ಅವರನ್ನು ಹಿಂಬಾಲಿಸಿದರೆ, 1961ರ ಜೂನ್ 25ರ ಭಾನುವಾರ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಪುಟ್ಟ ಕ್ಲಬ್ಬಿನಲ್ಲಿ ಅವರ ತ್ರಯ ನೀಡಿದ ಕಛೇರಿಗೆ ಹೋಗಿ ಮುಟ್ಟುತ್ತೇವೆ. "ಸಂಡೇ ಅಟ್ ದಿ ವಿಲೇಜ್ ವ್ಯಾನ್‌ಗಾರ್ಡ್", "ವಾಲ್ಟ್ಜ್ ಫಾರ್ ಡೆಬಿ" ಎಂಬ ಎರಡು ಆಲ್ಬಮ್‌ಗಳು ಆ ಒಂದೇ ದಿನದವು. ಗ್ಲಾಸುಗಳ ಸದ್ದು, ಕೇಳುಗರ ಗುಸುಗುಸು ಕೂಡ ಅವುಗಳಲ್ಲಿ ಉಳಿದಿವೆ. ಬೇಸ್ ನುಡಿಸಿದ ಸ್ಕಾಟ್ ಲಫಾರೊ ತಾಳ ಕಾಯುವ ಕೆಲಸಕ್ಕಷ್ಟೇ ನಿಲ್ಲದೆ ಪಿಯಾನೊದೊಂದಿಗೆ ಸರಿಸಮನಾಗಿ ಮಾತಿಗಿಳಿಯುತ್ತಾರೆ. ಹನ್ನೊಂದು ದಿನಗಳ ನಂತರ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಅವರು ಕಾರು ಅಪಘಾತದಲ್ಲಿ ತೀರಿಕೊಂಡರು. ನನ್ನ ಮಟ್ಟಿಗೆ ಜಾಝ್‌ನಲ್ಲಿ ಇದಕ್ಕಿಂತ ಆಪ್ತವಾದ ಮುದ್ರಣವಿಲ್ಲ.

ಅದೇ "ಕೈಂಡ್ ಆಫ್ ಬ್ಲೂ"ವಿನ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರನ್ನು ಹಿಂಬಾಲಿಸಿದರೆ "ಎ ಲವ್ ಸುಪ್ರೀಮ್" ಸಿಗುತ್ತದೆ. 1964ರ ಡಿಸೆಂಬರಿನಲ್ಲಿ ಇದೇ ನ್ಯೂಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನ ಸ್ಟುಡಿಯೊದಲ್ಲಿ ಮುದ್ರಣವಾದ ಇದು ಕೋಲ್ಟ್ರೇನ್ ದೇವರಿಗೆ ಒಪ್ಪಿಸಿದ ಕಾಣಿಕೆ. ಇದರ ಕೊನೆಯ ಭಾಗದಲ್ಲಿ ಅವರು ತಾವೇ ಬರೆದ ಪ್ರಾರ್ಥನೆಯನ್ನು ಬಾಯಿಂದ ಹೇಳದೆ, ಅದರ ನುಡಿನುಡಿಯನ್ನೂ ಸ್ಯಾಕ್ಸೊಫೋನಿನಲ್ಲಿ ಉಸುರುತ್ತಾರೆ. ಗಾಯಕಿ ಅಂಗದ, ಅಂದರೆ ಹಾಡಿದಂತೆಯೇ ನುಡಿಸುವ ವಾದನ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾರತದಿಂದ ಬರುವ ಗೆಳೆಯರು ಸಾಮಾನ್ಯವಾಗಿ ಜಾನ್ ಮೆಕ್ಲಾಗ್ಲಿನ್, ಜಾಕಿರ್ ಹುಸೇನ್ ಅವರ "ಶಕ್ತಿ" ಎಂಬ ತಂಡದಿಂದ ಆರಂಭಿಸಿರುತ್ತಾರೆ. ನನಗೂ ಅದು ಪ್ರಿಯವೇ. ಆದರೆ ಮೊದಲು ಅದನ್ನು ಕೇಳಿದರೆ ನಾವು ನಮ್ಮದನ್ನೇ ಗುರುತಿಸಿ ಸಂತೋಷಪಟ್ಟು ಅಲ್ಲಿಗೇ ನಿಲ್ಲುತ್ತೇವೆ. ನಮ್ಮ ಕದ್ರಿ ಗೋಪಾಲನಾಥರು ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರೊಂದಿಗೆ ನುಡಿಸಿದ, 2008ರಲ್ಲಿ ಬಂದ "ಕಿನ್ಸ್‌ಮೆನ್" ಕೂಡ ಜಾಝ್ ಕಿವಿ ಒಂದಿಷ್ಟು ಪಳಗಿದ ಮೇಲೆ ಕೇಳಿದರೆ ಹೆಚ್ಚು ದಕ್ಕುತ್ತದೆ. ಇಬ್ಬರೂ ಆಲ್ಟೊ ಸ್ಯಾಕ್ಸೊಫೋನ್ ವಾದಕರೇ. ಒಬ್ಬರ ಗಮಕಕ್ಕೂ ಇನ್ನೊಬ್ಬರ ಬಿರುಸಿಗೂ ಇರುವ ಅಂತರ ಆಗ ಸ್ಪಷ್ಟವಾಗುತ್ತದೆ.

ಸಾಥಿದಾರರ ಬೆನ್ನು ಹತ್ತಿ ನಾನು ಹೋದ ಅತಿ ದೂರದ ಪಯಣ ಚಾರ್ಲ್ಸ್ ಮಿಂಗಸ್ ಅವರಿಂದ ಶುರುವಾಯಿತು. ಸ್ವತಃ ಬೇಸ್ ವಾದಕರಾದ ಮಿಂಗಸ್ ಅವರ 1963ರ "ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ"ಯಲ್ಲಿ ಹನ್ನೊಂದು ಜನರ ಮೇಳದ ಗದ್ದಲವನ್ನು ಸೀಳಿಕೊಂಡು ಆಲ್ಟೊ ಸ್ಯಾಕ್ಸೊಫೋನ್ ಒಂದು ಅಳುವಂತೆ ಮೇಲೇಳುತ್ತದೆ. ನುಡಿಸಿದವರು ಯಾರೆಂದು ಹುಡುಕಿದಾಗ ಸಿಕ್ಕ ಹೆಸರು ಬಾಸ್ಟನ್ನಿನ ಚಾರ್ಲಿ ಮರಿಯಾನೊ. ಅವರ ಉಳಿದ ಆಲ್ಬಮ್‌ಗಳನ್ನು ಒಂದೊಂದಾಗಿ ಕೇಳುತ್ತ ಹೋದಾಗ, 1983ರಲ್ಲಿ ಹೊರಬಂದ "ಜ್ಯೋತಿ" ಎದುರಾಯಿತು. ಅದರಲ್ಲಿ ಅವರ ಜೊತೆಗಿದ್ದದ್ದು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್: ಹಾಡುಗಾರಿಕೆ ಆರ್.ಎ. ರಾಮಮಣಿ ಅವರದು, ಮೃದಂಗ ಟಿ.ಎ.ಎಸ್. ಮಣಿ ಅವರದು, ಜೊತೆಗೆ ಘಟ, ಖಂಜಿರ. ಆ ಆಲ್ಬಮ್ಮಿನ ಹೊದಿಕೆಯ ಮೇಲೆ ನಮ್ಮ ಲಯವಾದ್ಯದವರ ಹೆಸರು ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿಲ್ಲ. ಮರಿಯಾನೊ ಅವರ ಹೆಸರಿನ ಜೊತೆಗೇ ಇದೆ.