ಕಾಫಿ ತೋಟದ ಕೆಲಸದವರಿಗೆ ಅರಸರ ಭಂಗಿ ಬೇಕೆ?

ತೋಟದ ಕೆಲಸದವರನ್ನೋ ಸಂತೆಯ ವ್ಯಾಪಾರಿಯನ್ನೋ ಹಳೆಯ ರಾಜಚಿತ್ರಗಳ ಭಂಗಿಯಲ್ಲಿ ನಿಲ್ಲಿಸಿ, ಹಿಂದೆ ಹೊಯ್ಸಳ ಬಳ್ಳಿ, ಕಾಫಿ ಹೂ ತುಂಬಿ ಬರೆಯುವ ಆಧುನಿಕೋತ್ತರ ವರಸೆ ನಮ್ಮ ಕಡೆಯ ಹುಡುಗರಿಗೂ ಹಿಡಿಸಿದೆ. ಇದರಿಂದ ಆ ವ್ಯಕ್ತಿಯ ಗುರುತು ಎದ್ದು ಕಾಣುತ್ತದೆಯೋ, ಮುಚ್ಚಿಹೋಗುತ್ತದೆಯೋ? ಹಾಸನದ ಡ್ರಾಯಿಂಗ್ ಮೇಷ್ಟ್ರೊಬ್ಬರು ಪರವಾಗಿ, ಚಿಕ್ಕಮಗಳೂರಿನ ಭಾವಚಿತ್ರಕಾರರೊಬ್ಬರು ವಿರೋಧವಾಗಿ ಬರೆದಿದ್ದಾರೆ.

ಪರ: ಗೋಡೆ ಯಾರ ಪಾಲಾಗಿತ್ತು?

ಸಕಲೇಶಪುರ, ಮೂಡಿಗೆರೆ ಕಡೆಯ ಹಳೆಯ ತೋಟದ ಮನೆಗಳ ಹಜಾರಕ್ಕೆ ಕಾಲಿಟ್ಟರೆ ಎದುರಿಗೇ ಸಾಹುಕಾರರ ತಾತನ ಪಟ. ಜರಿಪೇಟ, ಮುಚ್ಚು ಕಾಲರಿನ ಕೋಟು, ಕೈಯಲ್ಲಿ ಬೆತ್ತ, ಪಕ್ಕದ ಮೇಜಿನ ಮೇಲೆ ಹೂದಾನಿ. ಹಿಂದಿನ ಕಂಬವೂ ಪರದೆಯೂ ಸ್ಟುಡಿಯೋದವನವು. ಎಷ್ಟೋ ಸಲ ಬೆತ್ತವೂ ಅವನದೇ. ಅದೇ ತೋಟದ ಕೆಲಸದವರ ಲೈನ್‌ಮನೆಯಲ್ಲಿ ಆಯುಸ್ಸು ಸವೆಸಿದ ಹೆಂಗಸಿನ ಮುಖ ಉಳಿದಿರುವುದು ಆಧಾರ್ ಕಾರ್ಡಿನಲ್ಲಿ ಮಾತ್ರ. ತೀರಿಕೊಂಡ ದಿನ ಅದನ್ನೇ ಹಿಗ್ಗಿಸಿ ಒಂದು ಫ್ಲೆಕ್ಸ್ ಮಾಡಿಸುತ್ತಾರೆ, ಮಳೆ ಶುರುವಾಗುವ ಹೊತ್ತಿಗೆ ಅದು ಯಾರದೋ ಸೌದೆ ರಾಶಿಯ ಮೇಲಿರುತ್ತದೆ.

'ಇದ್ದವರನ್ನು ಇದ್ದ ಹಾಗೆ ಬರೆಯಿರಿ, ಈ ವೇಷವೆಲ್ಲ ಯಾಕೆ?' ಎನ್ನುವವರಿಗೆ ನಾನು ಹೇಳುವುದಿಷ್ಟೇ: ದೊಡ್ಡವರ ಭಾವಚಿತ್ರಗಳು ಇದ್ದ ಹಾಗೆ ಇದ್ದದ್ದು ಯಾವಾಗ? 1801ರಲ್ಲಿ ಫ್ರಾನ್ಸಿನ ಚಿತ್ರಕಾರ ಡೇವಿಡ್ ಬರೆದ ನೆಪೋಲಿಯನ್ ಮುಂಗಾಲೆತ್ತಿದ ಕುದುರೆಯ ಮೇಲೆ ಆಲ್ಪ್ಸ್ ದಾಟುತ್ತಾನೆ. ನಿಜವಾಗಿ ಆತ ದಾಟಿದ್ದು ಹೇಸರಗತ್ತೆಯ ಮೇಲೆ. ಚಿತ್ರಕಾರನ ಮುಂದೆ ಕೂರುವ ಗೋಜಿಗೂ ಹೋಗಲಿಲ್ಲ. ಇನ್ನೂರು ವರ್ಷ ಆ ಸುಳ್ಳನ್ನೇ ಜಗತ್ತು ಪಾಠಪುಸ್ತಕದಲ್ಲಿ ನೋಡಿದೆ. 2005ರಲ್ಲಿ ಅಮೆರಿಕದ ಚಿತ್ರಕಾರ ಕೆಹಿಂಡೆ ವೈಲಿ ಅದೇ ಕುದುರೆಯ ಮೇಲೆ ಒಬ್ಬ ಕಪ್ಪು ಯುವಕನನ್ನು ಹತ್ತಿಸಿದರು. ಮೈಮೇಲೆ ಮಿಲಿಟರಿ ಮಚ್ಚೆಯ ಬಟ್ಟೆ, ಕಾಲಿಗೆ ಟಿಂಬರ್‌ಲ್ಯಾಂಡ್ ಬೂಟು. ಡೇವಿಡ್ ಚಿತ್ರದ ಬಂಡೆಯ ಮೇಲೆ ಬೋನಪಾರ್ಟ್, ಹ್ಯಾನಿಬಲ್, ಶಾರ್ಲಮೇನ್ ಹೆಸರುಗಳಿದ್ದವು. ವೈಲಿ ಅವುಗಳ ಜೊತೆಗೆ ಆ ಹುಡುಗನ ಹೆಸರು 'ವಿಲಿಯಮ್ಸ್' ಸೇರಿಸಿದರು. ನನಗೆ ಕುದುರೆಗಿಂತ ಆ ಬಂಡೆಯೇ ಮುಖ್ಯ.

ವೈಲಿಯ ರೀತಿಯೂ ಗಮನಿಸುವಂಥದ್ದು. ನ್ಯೂಯಾರ್ಕಿನ ಹಾರ್ಲೆಮ್‌ನ ಬೀದಿಯಲ್ಲಿ ಹೋಗುತ್ತಿದ್ದ ಅಪರಿಚಿತರನ್ನು ಮಾತನಾಡಿಸಿ, ಹಳೆಯ ಚಿತ್ರಗಳ ಪುಸ್ತಕ ಮುಂದಿಟ್ಟು, ಭಂಗಿ ಆರಿಸಿಕೊಳ್ಳಲು ಅವರಿಗೇ ಬಿಡುತ್ತಿದ್ದರು. 2018ರಲ್ಲಿ ಒಬಾಮಾ ಅವರನ್ನು ಬರೆದಾಗ ಹಿಂದಿನ ಹಸಿರಿನಲ್ಲಿ ಶಿಕಾಗೋದ ಸೇವಂತಿಗೆ, ಹವಾಯಿಯ ಮಲ್ಲಿಗೆ, ಕೀನ್ಯಾದ ನೀಲಿ ಲಿಲಿ ಇಟ್ಟರು. ಆ ಮನುಷ್ಯ ಬಂದ ದಾರಿಯೆಲ್ಲ ಹೂವಾಗಿ ಕೂತಿದೆ.

ನಮ್ಮಲ್ಲೂ ಇದಾಗಿದೆ. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು 2000ರಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಮಾಡಿದ ಫೋಟೋ ಸರಣಿಯಲ್ಲಿ ರವಿವರ್ಮನ ಲಕ್ಷ್ಮಿಯಾಗಿ ತಾವೇ ನಿಂತರು. ಅದು ಪೇಂಟಿಂಗ್ ಅಲ್ಲ, ಒಪ್ಪಿದೆ. ಆದರೆ 1894ರಲ್ಲಿ ರವಿವರ್ಮ ಪ್ರೆಸ್ ಹಾಕಿದ ಮೇಲೆ ಅಂಗಡಿ ಅಂಗಡಿಯ ಕ್ಯಾಲೆಂಡರಿನಲ್ಲಿ ನೆಲೆಯಾದ ಆ ಲಕ್ಷ್ಮಿಯದೂ ಒಂದು ವೇಷ ಎಂದು ಕಣ್ಣಿಗೆ ಹೊಡೆಯಲು ಅದೇ ಬೇಕಾಯಿತು.

ದೊಡ್ಡ ಕಥನಗಳಲ್ಲಿ, ಅಂದರೆ ಎಲ್ಲವನ್ನೂ ವಿವರಿಸುತ್ತೇನೆನ್ನುವ ಒಂದೇ ಕಥೆಯಲ್ಲಿ, ಅಪನಂಬಿಕೆಯೇ ಆಧುನಿಕೋತ್ತರ ಸ್ಥಿತಿ ಎಂದು ಫ್ರಾನ್ಸಿನ ತತ್ವಜ್ಞಾನಿ ಲಿಯೋತಾರ್ 1979ರಲ್ಲಿ ಹೇಳಿದ. ನಮ್ಮ ಕಡೆಯ ದೊಡ್ಡ ಕಥನ ಗೊತ್ತೇ ಇದೆ: ಸಾಹುಕಾರರು ಕಾಡು ಕಡಿದು ತೋಟ ಮಾಡಿದರು. ಕಡಿದ ಕೈ ಯಾರದು? ಆ ಕೈಯವರನ್ನು ಜರಿಪೇಟದವರ ಕುರ್ಚಿಯಲ್ಲೇ ಕೂರಿಸಿ. ಹಿಂದೆ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ವಾರದ ಕಾಫಿ ಗಿಡ, ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ ಬರಲಿ. ಆ ಚಿತ್ರ ನೋಡಿದ ಮೇಲೆ ಹಜಾರದ ತಾತನ ಪಟ ಮೊದಲಿನಂತೆ ಕಾಣುವುದಿಲ್ಲ. ನನಗೆ ಅಷ್ಟು ಸಾಕು.

ವಿರೋಧ: ಬಂಡೆಯ ಮೇಲೆ ಹೆಸರು, ಶೀರ್ಷಿಕೆಯಲ್ಲಿ ಯಾರು?

ಮೇಷ್ಟ್ರು ಒಂದು ವಿಷಯ ಬಿಟ್ಟರು. ಬಂಡೆಯ ಮೇಲೆ ವಿಲಿಯಮ್ಸ್ ಇದ್ದಾನೆ, ಸರಿ. ಆ ಚಿತ್ರದ ಶೀರ್ಷಿಕೆಯಲ್ಲಿರುವುದು ಮಾತ್ರ ಇವತ್ತಿಗೂ ನೆಪೋಲಿಯನ್.

ನನ್ನ ತಕರಾರು ಇಷ್ಟೇ. ಎರವಲು ಭಂಗಿಯ ಚಿತ್ರದಲ್ಲಿ ಮಾತಾಡುವುದು ಭಂಗಿ, ಮುಖವಲ್ಲ. ಆ ಹುಡುಗನ ಜಾಗದಲ್ಲಿ ಬೇರೊಬ್ಬನನ್ನು ಹತ್ತಿಸಿದರೂ ಚಿತ್ರದ ಜಾಣತನಕ್ಕೆ ಏನೂ ಕೊರತೆಯಾಗದು. ಆ ಜಾಣತನ ತಿಳಿಯಬೇಕಾದರೂ ಡೇವಿಡ್ ಗೊತ್ತಿರಬೇಕು. ಗೊತ್ತಿರುವವರು ಗ್ಯಾಲರಿಗೆ ಬರುವವರು. ಲೈನ್‌ಮನೆಯವರ ಮುಖ ಇಟ್ಟುಕೊಂಡು ಗ್ಯಾಲರಿಯವರು ತಮ್ಮತಮ್ಮಲ್ಲೇ ಆಡಿಕೊಳ್ಳುವ ಮಾತು ಅದು.

ನಾನು ಹೊಟ್ಟೆಪಾಡಿಗೆ ಭಾವಚಿತ್ರ ಬರೆಯುವವನು. ತೀರಿಹೋದವರ ಪಾಸ್‌ಪೋರ್ಟ್ ಸೈಜಿನ ಫೋಟೋ ಹಿಡಿದು ಜನ ಬರುತ್ತಾರೆ. 'ಒಂದು ಕೋಟು ಹಾಕ್ಬಿಡಿ ಸಾರ್, ನಮ್ಮಪ್ಪ ಯಾವತ್ತೂ ಹಾಕ್ಲಿಲ್ಲ' ಎಂದು ಮಗ ಕೇಳುತ್ತಾನೆ. ಹಾಕುತ್ತೇನೆ, ಯಾಕೆ ಹಾಕಬಾರದು? ಆ ಆಸೆ ಮನೆಯವರದು, ಆ ಕೋಟು ಅವರು ಕಂಡ ಕೋಟು. ಆದರೆ ಅಪ್ಪನ ಹಿಂದೆ ಹೊಯ್ಸಳ ಲಾಂಛನ ಬರೆಯಿರಿ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಅದು ಬೇಕಾಗುವುದು ಹೋಂಸ್ಟೇ ಬೋರ್ಡಿಗೆ.

ಕೋಟು ಬರೆಯುವುದು ಸುಲಭ. ಕಷ್ಟವಿರುವುದು ಎಲೆಅಡಿಕೆಗೆ ಒಂದು ಪಕ್ಕ ಉಬ್ಬಿದ ದವಡೆಯಲ್ಲಿ, ಮತ್ತು ಕೈಯಲ್ಲಿ. ಕೊಯ್ಲಿನ ಕಾಲಕ್ಕೆ ಹಣ್ಣಿನ ಅಂಟು ಹಿಡಿದು ಬೆರಳ ತುದಿಗಳು ಕಪ್ಪಾಗಿರುತ್ತವೆ. ಉಗುರಿನ ಸಂದಿಯ ಕಪ್ಪು ಸೋಪು ಹಾಕಿ ತಿಕ್ಕಿದರೂ ಹೋಗದು. ಅದಕ್ಕೆ ಬರೀ ಕಪ್ಪು ಬಳಿದರೆ ಕೊಳೆಯಂತೆ ಕಾಣುತ್ತದೆ. ಬರ್ನ್ಟ್ ಅಂಬರ್‌ಗೆ ಚೂರು ಅಲ್ಟ್ರಾಮರೀನ್ ಬೆರೆಸಿ, ಒಣಬಟ್ಟೆಯಲ್ಲಿ ಒರೆಸಿ ಒರೆಸಿ ತೆಳುವಾಗಿ ಕೂರಿಸಬೇಕು. ಆ ಕೈಗೆ ಸೇನಾಪತಿಯ ಭಂಗಿ ಕೊಟ್ಟು ಮೇಲೆತ್ತಿಸಿದಿರೋ, ನೋಡುವವರ ಕಣ್ಣು ಭಂಗಿಯ ಮೇಲೆ ಹೋಯಿತು, ಉಗುರು ಯಾರಿಗೂ ಕಾಣಲಿಲ್ಲ.

ಇನ್ನು ಹಿನ್ನೆಲೆಯ ಮಾತು. ಈಗ ನಮ್ಮ ತೋಟಗಳಲ್ಲಿ ಕೊಯ್ಯುವವರಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರೂ ಇದ್ದಾರೆ. ಹಾಗೆ ಬಂದ ಹೆಣ್ಣುಮಗಳ ಹಿಂದೆ ಯಾವ ಬಳ್ಳಿ ಹಬ್ಬಿಸುತ್ತೀರಿ? ಬೇಲೂರಿನದೋ? ಕಾಫಿ ಹೂ ಆಕೆಯ ಗುರುತಲ್ಲ, ಮಾಲೀಕರ ಆಸ್ತಿ. (ಮೇಷ್ಟ್ರ ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ಬಾಬಾಬುಡನ್ ತಂದರೆಂದು ನಾವು ಹೆಮ್ಮೆಪಡುವ ಕಾಫಿಯ ಕಥೆ ಯೆಮನ್‌ನಿಂದ ಶುರುವಾಗುತ್ತದೆ.) ಸಂಸ್ಕೃತಿಯ ಗುರುತು ಎಂದು ನಾವು ಹಿಂದೆ ಬರೆಯುವುದರಲ್ಲಿ ಮುಕ್ಕಾಲು ಪಾಲು ನಮಗೆ ಬೇಕಾದದ್ದು, ಕೂತವರಿಗೆ ಬೇಕಾದದ್ದಲ್ಲ.

ಎರವಲೇ ಕೂಡದು ಎಂದು ನಾನು ಹೇಳುತ್ತಿಲ್ಲ. ಬರೋಡಾದಲ್ಲಿ ಲೆಕ್ಕಪತ್ರದ ಕೆಲಸ ಮಾಡಿಕೊಂಡೇ ಚಿತ್ರ ಬರೆದ ಭೂಪೇನ್ ಖಾಖರ್ 1970ರ ದಶಕದಲ್ಲಿ ವಾಚ್ ರಿಪೇರಿಯವರನ್ನು, ಕ್ಷೌರದಂಗಡಿಯವರನ್ನು ಅವರವರ ಅಂಗಡಿಯಲ್ಲೇ ಬರೆದರು. ಬಣ್ಣ ಕ್ಯಾಲೆಂಡರಿನದು, ಗೆರೆ ಬೋರ್ಡ್ ಬರೆಯುವವರದು. ಎರವಲು ಬಂದದ್ದು ಫ್ರಾನ್ಸಿನಿಂದಲ್ಲ, ಆ ಬೀದಿಯಿಂದಲೇ. ವೈಲಿ ಜನರನ್ನು ಹುಡುಕಿದ ಹಾರ್ಲೆಮ್‌ನ ಪೂರ್ವ ಭಾಗದಲ್ಲೇ ಎಷ್ಟೋ ಮೊದಲು ಆಲಿಸ್ ನೀಲ್ ಎಂಬ ಚಿತ್ರಕಾರ್ತಿ ಇದ್ದರು. ನೆರೆಹೊರೆಯವರನ್ನು ಮನೆಗೆ ಕರೆದು, ಕುರ್ಚಿ ಹಾಕಿ ಕೂರಿಸಿ ಬರೆದರು. ಕುದುರೆಯಿಲ್ಲ, ಹೂವಿಲ್ಲ. ಒಂದು ಮುಖವನ್ನು ಇನ್ನೊಂದರ ಜಾಗದಲ್ಲಿ ಇಡಲು ಆಗುವುದಿಲ್ಲ.

ವೇಷ ಗೆದ್ದರೆ ಏನಾಗುತ್ತದೆ ನೋಡಬೇಕಾದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ. ಶಾಲೆಯ ಪ್ರವಾಸದಲ್ಲಿ ನಾವೆಲ್ಲ ಬಾಯಿಬಿಟ್ಟು ನೋಡಿದ, ದೀಪ ಹಿಡಿದ ಆ ಹೆಣ್ಣು. ಬರೆದವರು ಹಲ್ದಣಕರ್, ಎದುರು ನಿಂತಿದ್ದು ಅವರ ಮಗಳು. ಅದು ರವಿವರ್ಮನದೇ ಎಂದು ನಂಬಿದವರು ಈಗಲೂ ಬೇಕಾದಷ್ಟು ಜನ. ಬೇಲೂರಿನ ಮದನಿಕೆಯರ ಕೆಳಗೆ ದಾಸೋಜ, ಚಾವಣರಂಥ ಶಿಲ್ಪಿಗಳ ಹೆಸರು ಕೆತ್ತಿದೆ. ಕನ್ನಡಿ ಹಿಡಿದು ನಿಂತವಳು ಯಾರು ಎಂದರೆ ಗೈಡುಗಳು ಶಾಂತಲೆ ಎನ್ನುತ್ತಾರೆ. ಕಲ್ಲಿನ ಮೇಲೆ ಅದು ಇಲ್ಲ.

ಆದ್ದರಿಂದ ಈ ವರಸೆಯಲ್ಲಿ ಬರೆಯುವ ಹುಡುಗರಿಗೆ ನನ್ನದೊಂದು ಷರತ್ತು. ಪ್ರದರ್ಶನದ ಚೀಟಿಯಲ್ಲಿ 'ಕಾಫಿ ಕೊಯ್ಯುವ ಮಹಿಳೆ' ಎಂದು ಬರೆಯಬೇಡಿ. ಅವರು ಒಪ್ಪಿದರೆ ಹೆಸರು ಹಾಕಿ, ಕೂತಷ್ಟು ದಿನದ ಕೂಲಿ ಕೊಡಿ, ಚಿತ್ರ ಬೆಂಗಳೂರಿಗೆ ಹೋಗುವ ಮೊದಲು ಲೈನ್‌ಮನೆಯ ಜಗಲಿಯಲ್ಲಿಟ್ಟು ತೋರಿಸಿ. 'ಇದು ನಾನಲ್ಲ' ಎಂದು ಅವರು ಹೇಳಿದರೆ ಬದಲಾಯಿಸಬೇಕಾದದ್ದು ಭಂಗಿಯನ್ನು.