ಅರವತ್ತಾರು ವೋಲ್ಟಿನ ಬಿಯರು

19 ಲೀಟರ್ ಬಿಯರು ಕೆಟ್ಟುಹೋದ ಸಿಟ್ಟು ಇನ್ನೂ ಇಳಿದಿಲ್ಲ. ಆದ್ದರಿಂದ ಈ ಬರಹದಲ್ಲಿ ಅಲ್ಲಲ್ಲಿ ಹುಳಿ ಇಣುಕಿದರೆ ಓದುಗರು ಹೊಂದಿಕೊಳ್ಳಬೇಕು. ಕೆಟ್ಟದ್ದು ಬಿಯರೊಂದೇ ಆಗಿದ್ದರೆ ಮೋರಿಗೆ ಸುರಿದು ಮರೆತುಬಿಡಬಹುದಿತ್ತು. ಎರಡು ತಿಂಗಳ ಕಾಲ ಅಳೆದು ಸುರಿದು, ಹೆಂಡತಿಯೊಂದಿಗೆ ವಾದ ಮಾಡಿ ಆರಿಸಿ ತಂದ ಫ್ರೀಜರಿನ ಮೇಲೆ ನಾನು ಒಂದು ವಾರವಿಡೀ ಹೊರಿಸಿದ ಸುಳ್ಳು ಆರೋಪಗಳಿವೆಯಲ್ಲ, ಅವು ಮನಸ್ಸನ್ನು ಕೊರೆಯುತ್ತಿವೆ.

ಟೆಕ್ಸಾಸಿನ ಆಸ್ಟಿನ್‌ನಲ್ಲಿರುವ ನಮ್ಮಂಥವರು ಮನೆಯಲ್ಲಿ ಬಿಯರು ತಯಾರಿಸುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಊರಿನಲ್ಲಾಗಿದ್ದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಇಂಥ ಕೆಲಸಕ್ಕೆ ಕೈಹಾಕುವುದು ಅಪರಾಧ. ಇಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು, ಒಬ್ಬ ವಯಸ್ಕನಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿಯಿರುವ ಮನೆಗೆ 200 ಗ್ಯಾಲನ್ ಎಂದು ತೆರಿಗೆಯಿಲ್ಲದೆ ಧಾರಾಳವಾಗಿ ಬಿಟ್ಟುಕೊಟ್ಟಿದೆ. ಹಾಸನದಿಂದ ಆರು ತಿಂಗಳ ಮಟ್ಟಿಗೆ ಬಂದಿರುವ, ಗಣಿತದ ಮೇಷ್ಟರಾಗಿ ನಿವೃತ್ತರಾದ ನಮ್ಮ ಅಪ್ಪ ಇದನ್ನು ಕೇಳಿದವರೇ ಬಾಯಿಲೆಕ್ಕ ಹಾಕಿ, "ವರ್ಷಕ್ಕೆ 757 ಲೀಟರು, ದಿನಕ್ಕೆ 2 ಲೀಟರಿಗಿಂತ ಒಂದು ಹಿಡಿ ಜಾಸ್ತಿ. ನಮ್ಮ ಮನೆಗೆ ಹಾಲೂ ಅಷ್ಟು ಬರುತ್ತಿರಲಿಲ್ಲವಲ್ಲೋ!" ಎಂದರು. ಆಮೇಲೆ ದನಿ ತಗ್ಗಿಸಿ, ತಾವು ಬಂದದ್ದರಿಂದ ಈ ಪಾಲು 300 ಗ್ಯಾಲನಿಗೆ ಏರಿತೇ ಎಂದು ವಿಚಾರಿಸಿದರು. ಎಷ್ಟು ಜನರಿದ್ದರೂ 200ಕ್ಕೇ ನಿಲ್ಲುತ್ತದೆ ಎಂದಾಗ, ಈ ಲೆಕ್ಕದಲ್ಲಿ ತಮ್ಮ ಹೆಸರು ಸೇರಲಿಲ್ಲವೆಂದು ಅವರಿಗಾದ ನೆಮ್ಮದಿ ಮುಖದಲ್ಲಿಯೇ ಕಾಣುತ್ತಿತ್ತು.

ಬಿಯರಿಗೆ ಫ್ರೀಜರೇಕೆ ಎಂದು ನನ್ನ ಹೆಂಡತಿ ಕೇಳಿದ್ದಳು. ಇಡ್ಲಿ ಹಿಟ್ಟಿಗೆ ಸೆಕೆ ಎಷ್ಟಿದ್ದರೂ ಸಂತೋಷವೇ. ಬಿಯರಿನ ಯೀಸ್ಟಿನದು ಮಾತ್ರ ಹೊಸ ಅಳಿಯನ ಸ್ವಭಾವ. ನಾನು ಮಾಡುವ ಏಲ್ ಜಾತಿಯ ಬಿಯರಿಗೆ 18ರಿಂದ 20 ಡಿಗ್ರಿ ಸೆಲ್ಸಿಯಸ್ಸಿನ ಉಪಚಾರವಾಗಬೇಕು, ಲಾಗರ್ ಜಾತಿಗೆ ಇನ್ನೂ ತಣ್ಣಗೆ 10ರ ಆಸುಪಾಸು. ಸಾಲದ್ದಕ್ಕೆ, ಹುದುಗುವಾಗ ಬಿಯರು ತಾನೇ ಬಿಸಿಯಾಗಿ ಸುತ್ತಲಿನ ಗಾಳಿಗಿಂತ ಕೆಲವು ಡಿಗ್ರಿ ಮೇಲೇರುತ್ತದೆ. ಆಗಸ್ಟ್ ತಿಂಗಳಿನಲ್ಲಿ ನಮ್ಮ ಗ್ಯಾರೇಜು ಮಧ್ಯಾಹ್ನದ ಹೊತ್ತಿಗೆ 40 ಡಿಗ್ರಿ ಮುಟ್ಟುತ್ತದೆ. ಹೂಜಿಗೆ ಒದ್ದೆ ಬಟ್ಟೆ ಸುತ್ತುವ ನಮ್ಮ ಅಜ್ಜಿಯ ಉಪಾಯವನ್ನು ನಂಬಿ, ಬಕೆಟ್ಟಿಗೆ ಒದ್ದೆ ಬನಿಯನ್ನು ತೊಡಿಸಿ ಫ್ಯಾನಿನ ಮುಂದೆ ಕೂರಿಸಿದ ಮೊದಲ ಸಲದ ಬಿಯರನ್ನು ಮೂಸಿ ನೋಡಿದ ಹೆಂಡತಿ, ತನ್ನ ಉಗುರುಬಣ್ಣ ಅಳಿಸುವ ಶೀಸೆಯನ್ನು ಅದರೊಳಗೆ ಖಾಲಿ ಮಾಡಿದವರು ಯಾರೆಂದು ಕೇಳಿದಳು.

ಹಾಗೆ ಶುರುವಾಯಿತು ಫ್ರಿಜ್ಜಿನ ಹುಡುಕಾಟ. ಗೋಡೆಗೆ ನಿಲ್ಲಿಸುವ ಮಾಮೂಲಿ ಫ್ರಿಜ್ಜಿನಲ್ಲಿ ಬಕೆಟ್ಟನ್ನು ಸೊಂಟ ನೋಯದಂತೆ ಒಳಗೆ ತಳ್ಳಬಹುದು, ಆದರೆ ಬಾಗಿಲಿನ ಒಳಮೈಗೆ ಅಚ್ಚೊತ್ತಿದ ಗೂಡುಗಳು ಬಕೆಟ್ಟಿಗೆ ಮೊಳಕೈಯಿಂದ ತಿವಿದು, ಬಾಗಿಲು ಎರಡಂಗುಲ ತೆರೆದೇ ಉಳಿಯುತ್ತದೆ. ನಿಲ್ಲಿಸುವ ಫ್ರೀಜರಾದರೆ ತಂಪು ಹರಿಯುವ ಕೊಳವೆಗಳು ಹಲವು ಮಾದರಿಗಳಲ್ಲಿ ಅಡ್ಡಹಲಗೆಗಳೊಳಗೇ ಇರುವುದರಿಂದ, ಜಾಗ ಮಾಡಲೆಂದು ಹಲಗೆ ಕತ್ತರಿಸಿದವನ ಗ್ಯಾಸೂ ಹೋಯಿತು, ಫ್ರೀಜರೂ ಹೋಯಿತು. ಉಳಿದದ್ದು ಮೇಲಿನಿಂದ ಮುಚ್ಚಳ ತೆರೆಯುವ, ನಮ್ಮೂರಿನ ಐಸ್‌ಕ್ರೀಮ್ ಅಂಗಡಿಗಳಲ್ಲಿರುವಂಥ ಪೆಟ್ಟಿಗೆ ಫ್ರೀಜರು. ಬೆಲೆ ಕಡಿಮೆ, ಮುಚ್ಚಳ ತೆರೆದರೂ ತಂಪುಗಾಳಿ ಭಾರವಾದ್ದರಿಂದ ತಳದಲ್ಲಿಯೇ ಕೂತಿರುತ್ತದೆ. ಆದರೆ ಇಪ್ಪತ್ತು ಕಿಲೋ ಮೀರಿದ ಬಕೆಟ್ಟನ್ನು ಎದೆಯ ಮಟ್ಟಕ್ಕೆತ್ತಿ ಬಾವಿಗಿಳಿಸಿದಂತೆ ಇಳಿಸಬೇಕು, ಮತ್ತು ಒಳಗೊಂದು ಮೂಲೆಯಲ್ಲಿ ಕಂಪ್ರೆಸರಿಗೆ ಜಾಗ ಬಿಡಲು ನೆಲವೇ ಮೆಟ್ಟಿಲಿನಂತೆ ಉಬ್ಬಿರುತ್ತದೆ. ಆ ಉಬ್ಬಿನ ಮೇಲೆ ಬಕೆಟ್ಟು ಇಟ್ಟರೆ ಮುಚ್ಚಳ ಕೂರುವುದಿಲ್ಲ, ಬೇರೇನನ್ನಾದರೂ ಇಡೋಣವೆಂದರೆ ಇಡುವಂಥದ್ದು ಏನೂ ಇಲ್ಲ. ಇಂಥ ನಿರುಪಯೋಗಿ ಜಾಗವನ್ನು ನಾನು ಇನ್ನೊಂದು ಕಂಡಿಲ್ಲ.

ಅಳತೆಪಟ್ಟಿಯ ಮೇಲೆ ನಂಬಿಕೆ ಸಾಲದೆ, ಶಾಲೆಗೆ ಸೇರಿಸಲು ಮಗುವನ್ನು ಕರೆದೊಯ್ಯುವಂತೆ ಖಾಲಿ ಬಕೆಟ್ಟನ್ನು ಕಂಕುಳಲ್ಲಿ ಹಿಡಿದು ನಾಲ್ಕು ಅಂಗಡಿಗಳನ್ನು ಸುತ್ತಿದೆ. ನಾಲ್ಕನೆಯದರಲ್ಲಿ 7 ಘನ ಅಡಿಯ ಪೆಟ್ಟಿಗೆಯೊಂದು ಬಕೆಟ್ಟನ್ನು ಮರುಮಾತಿಲ್ಲದೆ ಒಳಗೆ ಸೇರಿಸಿಕೊಂಡಿತು. ಫ್ರೀಜರು ತನ್ನ ಪಾಡಿಗಿದ್ದರೆ ಸೊನ್ನೆಗಿಂತ 18 ಡಿಗ್ರಿ ಕೆಳಗಿಳಿದು ಬಿಯರನ್ನು ಕಲ್ಲು ಮಾಡುತ್ತದೆ. ಅದಕ್ಕಾಗಿ ಗೋಡೆಯ ಪ್ಲಗ್ಗಿಗೂ ಫ್ರೀಜರಿಗೂ ನಡುವೆ ಒಂದು ಉಷ್ಣ ನಿಯಂತ್ರಕವನ್ನು ಸಿಕ್ಕಿಸಿ, ಅದರ ತಂತಿಯ ತುದಿಯನ್ನು ಬಕೆಟ್ಟಿನ ಮೈಗೆ ಸ್ಪಂಜು ಮುಚ್ಚಿ ಅಂಟಿಸಿದೆ. ಅಂಗೈಯಗಲದ ಆ ಡಬ್ಬಿಯಲ್ಲಿ ಕೆಂಪು ಅಂಕಿಗಳು ಹೊಳೆಯುತ್ತವೆ. ಒಮ್ಮೆ ನಿಂತ ಕಂಪ್ರೆಸರು ಕೂಡಲೇ ಮತ್ತೆ ಹೊತ್ತಿ ಸುಡದಿರಲೆಂದು ಕೆಲವು ನಿಮಿಷ ಕಾಯುವ ಏರ್ಪಾಡೂ ಅದರಲ್ಲಿದೆ. ಇಲ್ಲಿಯ ವಾಡಿಕೆಯಂತೆ ಫ್ಯಾರನ್‌ಹೀಟಿನಲ್ಲಿ 66ಕ್ಕೆ ಹೊಂದಿಸಿದೆ, ಅಂದರೆ ಸುಮಾರು 19 ಸೆಲ್ಸಿಯಸ್.

ಮರುದಿನ ಬೆಳಿಗ್ಗೆ ಏಳಕ್ಕೆ ನೋಡಿದರೆ ಅಂಕಿ 73 ತೋರಿಸುತ್ತಿತ್ತು. ಮಧ್ಯಾಹ್ನಕ್ಕೆ 66, ರಾತ್ರಿ ಮಲಗುವಾಗ 66, ಮರುದಿನ ಬೆಳಿಗ್ಗೆ ಮತ್ತೆ 73. ಹಗಲಿನ ಬೇಗೆಯಲ್ಲಿ ತಣ್ಣಗಿದ್ದು ರಾತ್ರಿ ಬೆಚ್ಚಗಾಗುವ ಫ್ರೀಜರನ್ನು ಯಾರಾದರೂ ಕಂಡಿದ್ದೀರಾ? ಮುಚ್ಚಳದ ರಬ್ಬರು ಸಡಿಲವೆಂದು ನೂರು ರೂಪಾಯಿ ನೋಟನ್ನು ನಡುವೆ ಸಿಕ್ಕಿಸಿ ಎಳೆದು ನೋಡಿದೆ. ಊರಿನಿಂದ ತಂದಿದ್ದ ಆ ಒಂದು ನೋಟೂ ಹರಿಯಿತು. ಯೀಸ್ಟಿಗೆ ರಾತ್ರಿ ಪಾಳಿಯ ಹುರುಪು ಎಂದು ತರ್ಕಿಸಿದೆ. ಕೊನೆಗೆ ಮಾರಿದವನಿಗೆ ಫೋನು ಮಾಡಿ, ಅವನು ಸಭ್ಯ ಮನುಷ್ಯನೆಂಬುದನ್ನೂ ಮರೆತು ಜಗಳವಾಡಿದೆ.

ಎಂಟನೆಯ ದಿನ ತಿಂಡಿಯ ಹೊತ್ತಿನಲ್ಲಿ ಅಪ್ಪ ಜೇಬಿನ ಡೈರಿಯನ್ನು ತೆಗೆದು ಉಪ್ಪಿಟ್ಟಿನ ತಟ್ಟೆಯ ಪಕ್ಕದಲ್ಲಿಟ್ಟರು. "ನಿನ್ನ ಮನೆಯ ವೋಲ್ಟೇಜು ಸರಿಯಿಲ್ಲ ಕಣೋ. ಇಲ್ಲಿ 120 ಎಂದು ನೀನೇ ಹೇಳಿದ್ದೆ. ಏಳು ದಿನವೂ ಬರೆದಿಟ್ಟಿದ್ದೇನೆ, ರಾತ್ರಿ ಹತ್ತೂವರೆಗೆ 66, 66, 67. ಅಷ್ಟು ಲೋ ವೋಲ್ಟೇಜಿನಲ್ಲಿ ಕಂಪ್ರೆಸರು ಉಳಿಯುತ್ತದೆಯೇ? ನಾನೇ ಪ್ಲಗ್ಗು ಕಿತ್ತಿಡುತ್ತಿದ್ದೇನೆ. ಬೆಳಗಿನ ಜಾವ ಜನ ಮಲಗಿರುವಾಗ ಲೋಡು ಕಡಿಮೆ, ಆರಕ್ಕೆ ಸಿಕ್ಕಿಸಿದರೆ 73ರವರೆಗೆ ಪರವಾಗಿಲ್ಲ. ಇಲ್ಲಿ ಕರೆಂಟಿನವರ ಆಫೀಸಿಗೆ ಒಂದು ಅರ್ಜಿ ಕೊಟ್ಟುಬಿಡು."

ಅದು ಸ್ಟೆಬಿಲೈಸರಲ್ಲವೆಂದು ನಾನು ಹೇಳಿದರೆ ಅವರೇಕೆ ನಂಬುತ್ತಾರೆ? ಗೋಡೆಗೂ ಫ್ರಿಜ್ಜಿಗೂ ನಡುವೆ ಕುಳಿತ ಡಬ್ಬಿ, ಅದರಲ್ಲೊಂದು ಅಂಕಿ, ಹೊತ್ತುವ ಮೊದಲು ಮೂರು ನಿಮಿಷ ಕಾಯುವ ಶಿಸ್ತು, ಇವೆಲ್ಲ ಇದ್ದೂ ಸ್ಟೆಬಿಲೈಸರಲ್ಲದ ವಸ್ತುವನ್ನು ಅವರು ಎಪ್ಪತ್ತೇಳು ವರ್ಷಗಳಲ್ಲಿ ನೋಡಿಲ್ಲ. ನನ್ನ ಹೆಂಡತಿ, "ಮಾವ ಹೇಳುವುದರಲ್ಲಿ ಅರ್ಥವಿದೆ" ಎಂದು ಇನ್ನೊಂದು ಸೌಟು ಉಪ್ಪಿಟ್ಟನ್ನು ಅವರ ತಟ್ಟೆಗೇ ಬಡಿಸಿದಳು.

ಹಾಸನದ ಮನೆಯ ನಡುಮನೆಯಲ್ಲಿ, ಕಸೂತಿ ಬಟ್ಟೆ ಹೊದ್ದು, ಬೀಗದ ಕೈಯಿದ್ದ 165 ಲೀಟರಿನ ಫ್ರಿಜ್ಜೊಂದಿತ್ತು. ಸಂಜೆಯಾದರೆ ಬಲ್ಬಿನ ತಂತಿ ಆರುತ್ತಿರುವ ಊದುಬತ್ತಿಯ ತುದಿಯಂತೆ ಕೆಂಪಗಾಗುತ್ತಿತ್ತು. ಒಮ್ಮೆ ಕಂಪ್ರೆಸರು ಸುಟ್ಟು ಒಂದು ತಿಂಗಳ ಸಂಬಳವನ್ನೇ ನುಂಗಿದ ಮೇಲೆ, ಅಪ್ಪ ರಾತ್ರಿ ಎದ್ದೆದ್ದು ಸ್ಟೆಬಿಲೈಸರಿನ ಮುಳ್ಳನ್ನು ನೋಡಿ, ಅದು ಇಳಿದಿದ್ದರೆ ಸ್ವಿಚ್ಚು ಆರಿಸಿ ಮಲಗುತ್ತಿದ್ದರು. ಮಕ್ಕಳಾದ ನಮಗೆ ಬೆಳಿಗ್ಗೆ ಐಸು ಗಟ್ಟಿಯಾಗಿಲ್ಲವೆಂಬ ಸಿಟ್ಟು ಮಾತ್ರ ಗೊತ್ತಿತ್ತು. ಅದೇ ಮನುಷ್ಯ ಈ ವಯಸ್ಸಿನಲ್ಲಿ, ಗುರುತಿಲ್ಲದ ಊರಿನ ಗ್ಯಾರೇಜಿನಲ್ಲಿ, ತಾನು ಮುಟ್ಟದ ಹೆಂಡದ ಪೆಟ್ಟಿಗೆಯನ್ನು ಮಗನಿಗಾಗಿ ಟಾರ್ಚು ಹಿಡಿದು ಏಳು ರಾತ್ರಿ ಕಾದಿದ್ದರು. ನಾನು ಡೈರಿಯನ್ನು ಮಡಚಿ ಅವರ ಕೈಗೆ ಕೊಟ್ಟೆ.

ಆದರೂ ಬಿಯರು ಕೆಟ್ಟದ್ದು ಕೆಟ್ಟದ್ದೇ. ಸೆಕೆಗೆ ಸಿಕ್ಕ ಯೀಸ್ಟು ಬಾಳೆಹಣ್ಣಿನ ವಾಸನೆ ಹುಟ್ಟಿಸುತ್ತದೆ. ಗೋಧಿಯ ಬಿಯರಾಗಿದ್ದರೆ ಅದೊಂದು ಗುಣ, ನನ್ನದರಲ್ಲಿ ಅದು ಅಪಸ್ವರ. ಊಟದ ಹೊತ್ತಿನಲ್ಲಿ, ಇಡೀ ಪೆಟ್ಟಿಗೆ ಬಾಳೆಹಣ್ಣು ನಾರುತ್ತಿದೆ ಎಂದು ಸ್ವಲ್ಪ ಗಟ್ಟಿಯಾಗಿಯೇ ಗೊಣಗಿದೆ.

ನಿನ್ನೆ ಮುಚ್ಚಳ ತೆರೆದರೆ ನಿಜವಾದ ಬಾಳೆಹಣ್ಣುಗಳಿದ್ದವು. "ಬಾಳೆಹಣ್ಣಿನ ವಾಸನೆ ಹೇಗೂ ಹಿಡಿದಿದೆ ಎಂದೆಯಲ್ಲ, ಅದಕ್ಕೇ ಇಟ್ಟೆ" ಎಂದರು ಅಪ್ಪ. "ಹೊರಗಿಟ್ಟರೆ ಎರಡು ದಿನಕ್ಕೆ ಕರಗುತ್ತವೆ, ಅಡುಗೆಮನೆಯ ಫ್ರಿಜ್ಜಿನಲ್ಲಿ ಸಿಪ್ಪೆ ಕಪ್ಪಾಗುತ್ತದೆ. ಇದರಲ್ಲಿ ಹದವಾಗಿವೆ." ಪ್ಲಗ್ಗಿನ ಸುತ್ತ ಈಗ ಕರಿ ಟೇಪು ಸುತ್ತಿದೆ, ಪಕ್ಕದ ಗೋಡೆಯ ಮೇಲೆ ಕರಿಹಲಗೆಯ ದುಂಡಕ್ಷರದಲ್ಲಿ "ಇದನ್ನು ಯಾರೂ ತೆಗೆಯಬಾರದು" ಎಂಬ ಚೀಟಿಯಿದೆ. ನಾನು ಎರಡು ತಿಂಗಳು ಬೈದ ಆ ಕಂಪ್ರೆಸರಿನ ಉಬ್ಬಿನ ಮೇಲೆ ಬಾಳೆಚಿಪ್ಪು ಹೇಳಿ ಮಾಡಿಸಿದಂತೆ ಕುಳಿತಿದೆ. ಮುಂದಿನ ಬಿಯರಿಗೆ ಯಾವಾಗ ಜಾಗ ಬಿಡುತ್ತೀರಿ ಎಂದು ಕೇಳಿದ್ದಕ್ಕೆ, ಈ ಚಿಪ್ಪು ಮುಗಿಯಲಿ ನೋಡೋಣ ಎಂದಿದ್ದಾರೆ.