ಕೆಲಸ ಕೊಡಲ್ಲ, ಸಂಬಳ ನಿಲ್ಲಿಸಲ್ಲ

ಅಮೆರಿಕದ ಫೆಡರಲ್ ಜಡ್ಜ್ ಪಾಲಿನ್ ನ್ಯೂಮನ್ ಅಮ್ಮನವರ ಸಸ್ಪೆನ್ಷನ್ ಮತ್ತೆ ಒಂದು ವರ್ಷ ಎಳೆದಿದೆ. 2023ರ ಸೆಪ್ಟೆಂಬರಿನಲ್ಲಿ ಹಾಕಿದ್ದೇ ಒಂದು ವರ್ಷಕ್ಕೆ. 2024ರಲ್ಲಿ ಇನ್ನೊಂದು, 2025ರಲ್ಲಿ ಮತ್ತೊಂದು. ಅವರದ್ದೇ ಕೋರ್ಟು, ಅಂದರೆ ಪೇಟೆಂಟ್ ಮೇಲ್ಮನವಿ ಕೇಳುವ ವಾಷಿಂಗ್ಟನ್ನಿನ ಫೆಡರಲ್ ಸರ್ಕ್ಯೂಟ್ ಕೋರ್ಟು, ಇದನ್ನು ವರ್ಷಾಬ್ದಿಕದ ಹಾಗೆ ಶ್ರದ್ಧೆಯಿಂದ ನಡೆಸಿಕೊಂಡು ಬರುತ್ತಿದೆ.

ಅಮ್ಮನವರು ಹುಟ್ಟಿದ್ದು 1927ರಲ್ಲಿ. ಯೇಲ್‌ನಲ್ಲಿ ಕೆಮಿಸ್ಟ್ರಿ ಡಾಕ್ಟರೇಟ್, ಆಮೇಲೆ ಲಾ ಡಿಗ್ರಿ. 1984ರಲ್ಲಿ ರೇಗನ್ ಜಡ್ಜ್ ಮಾಡಿದರು. ಪೇಟೆಂಟ್ ಕೇಸಿನಲ್ಲಿ ಪಕ್ಕದವರೆಲ್ಲ ಹೌದು ಅಂದರೆ ಇವರು ಅಲ್ಲ ಅಂತ ಬರೆಯುವುದರಲ್ಲಿ ಎತ್ತಿದ ಕೈ. ಅಲ್ಲಿ ಫೆಡರಲ್ ಜಡ್ಜ್‌ಗೆ ರಿಟೈರ್‌ಮೆಂಟ್ ವಯಸ್ಸೇ ಇಲ್ಲ. ನಡತೆ ಸರಿಯಿರುವ ತನಕ ಕುರ್ಚಿ ಅವರದ್ದೇ. ನಮ್ಮ ಹೈಕೋರ್ಟ್ ಜಡ್ಜ್ 62ಕ್ಕೇ ಹಾರ ಹಾಕಿಸಿಕೊಂಡು ಹೊರಡಬೇಕು, ಪಾಪ.

ಕಾನ್ಸಾಸ್‌ನಲ್ಲಿ ವೆಸ್ಲಿ ಬ್ರೌನ್ ಅಂತ ಒಬ್ಬರಿದ್ದರು. 1962ರಲ್ಲಿ ಕೆನಡಿ ಕೂರಿಸಿದ ಜಡ್ಜ್. 2012ರಲ್ಲಿ ತೀರಿಕೊಂಡಾಗ ವಯಸ್ಸು 104, ಆಗಲೂ ಜಡ್ಜೇ! ಮೂಗಿಗೆ ಆಕ್ಸಿಜನ್ ನಳಿಗೆ ಸಿಕ್ಕಿಸಿಕೊಂಡೇ ಕೇಸ್ ಕೇಳುತ್ತಿದ್ದರು. ವರ್ಷಗಟ್ಟಲೆ ಎಳೆಯುವ ಕೇಸ್ ತಂದ ವಕೀಲರಿಗೆ, ಈ ವಯಸ್ಸಿನಲ್ಲಿ ನಾನು ಬಾಳೆಕಾಯಿ ಕೂಡ ಕೊಳ್ಳುವುದಿಲ್ಲ ಅನ್ನುತ್ತಿದ್ದರು. ಅದು ಹಣ್ಣಾಗೋ ತನಕ ಇರಬೇಕಲ್ವಾ? ನೆವಾಡದ ಜಡ್ಜ್ ಹ್ಯಾರಿ ಕ್ಲೇಬೋರ್ನ್ ಇನ್ನೂ ಗಟ್ಟಿಗ. ತೆರಿಗೆ ಕಳ್ಳತನಕ್ಕೆ 1986ರಲ್ಲಿ ಜೈಲು ಸೇರಿದರೂ ರಾಜೀನಾಮೆ ಕೊಡಲಿಲ್ಲ. ಸೆನೆಟ್ ಕಿತ್ತುಹಾಕುವ ತನಕ ಒಳಗೆ ಕೂತೇ ಸಂಬಳ ತಗೊಂಡರು.

ನ್ಯೂಮನ್ ಏನೂ ಕದ್ದಿಲ್ಲ. ಮರೆವು ಜಾಸ್ತಿ, ಕೆಲಸ ನಿಧಾನ ಅಂತ ಜೊತೆಯವರಿಗೆ ಅನುಮಾನ. ನಾವು ಹೇಳಿದ ಡಾಕ್ಟರಿಗೆ ತೋರಿಸಿ ಅಂದರು. ಇವರು ತಮ್ಮ ಡಾಕ್ಟರ ವರದಿ ತಂದರು. ಅದು ನಡೆಯಲ್ಲ ಅಂದರು. ಬೇರೆ ಕೋರ್ಟಿನ ಜಡ್ಜುಗಳು ವಿಚಾರಿಸಲಿ ಅಂತ ಇವರು ಕೇಳಿದರೆ ಜೊತೆಯವರು ಅದಕ್ಕೂ ಒಪ್ಪಲಿಲ್ಲ. ಕೊನೆಗೆ ಶಿಕ್ಷೆ ಆಗಿದ್ದು ಮರೆವಿಗಲ್ಲ, ತನಿಖೆಗೆ ಸಹಕರಿಸಲಿಲ್ಲ ಅಂತ!

ದೂರು ಎತ್ತಿದವರು, ತನಿಖೆ ಮಾಡಿದವರು, ತೀರ್ಪು ಕೊಟ್ಟವರು, ಎಲ್ಲ ಅದೇ ಕೋರ್ಟಿನ ಜಡ್ಜುಗಳು. ಸರ್ಕಾರಕ್ಕೆ ಓಡಾಟದ ಖರ್ಚಾದರೂ ಉಳಿಯಿತು. ಯಾವುದಾದರೂ ಕಂಪನಿ ಹೀಗೆ ಮಾಡಿದ್ದರೆ ಇದೇ ಜಡ್ಜುಗಳು ಕಿವಿ ಹಿಂಡುತ್ತಿದ್ದರು.

ಸಾಕು ಮಾರಾಯ್ರೇ. ಅವರ ಕೈಲಿ ಆಗುವುದಿಲ್ಲ ಅಂತಿದ್ದರೆ ಸಂಸತ್ತಿಗೆ ಬರೆದು ಅಲ್ಲಿ ಸಾಬೀತು ಮಾಡಿ. ಆಗುತ್ತದೆ ಅಂತಿದ್ದರೆ ಫೈಲು ಕೊಡಿ. ಎರಡನ್ನೂ ಮಾಡದೆ, ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿಗಿಂತ ಜಾಸ್ತಿ ಸಂಬಳ ಕೊಟ್ಟು ಸುಮ್ನೆ ಕೂರಿಸುವುದು ಅಂದರೆ, ಯಾವಾಗ ಸಾಯುತ್ತಾರೆ ಅಂತ ಕಾಯುವುದಲ್ಲದೆ ಇನ್ನೇನು?